‘ಉಕೆತಮವರು’ ಎಂಬ ಒಂದೇ ಕ್ರಿಯಾಪದದ ಮೇಲೆ ಐದು ಉಚಿತ ಜಪಾನಿ ಪರಿಕರಗಳ ಪರೀಕ್ಷೆ

ಜಪಾನಿ ಕಲಿಕೆ ಮಧ್ಯಮ ಹಂತ ದಾಟಿದ ಮೇಲೆ ತೊಡಕಾಗುವುದು ಹೊಸ ಪದಗಳಲ್ಲ. ಅರ್ಥ ಗೊತ್ತಿದ್ದೂ ಬಾಯಿಗೆ ತರಲು ಧೈರ್ಯವಾಗದ ಪದಗಳು. ಅವುಗಳ ಸಾಲಿನಲ್ಲಿ ‘ಉಕೆತಮವರು’ (承る) ಮುಂದೆ ನಿಲ್ಲುತ್ತದೆ. ಅಂಗಡಿಯ ಫಲಕದಲ್ಲಿ, ಫೋನ್ ಇಡುವ ಮುನ್ನದ ಮಾತಿನಲ್ಲಿ, ಜಪಾನಿನ ಸಂಸತ್ತಿನ ಪ್ರಶ್ನೆಗಳಲ್ಲಿ, ಐತಿಹಾಸಿಕ ಕಾದಂಬರಿಯ ಸಮುರಾಯ್ ಬಾಯಲ್ಲಿ, ಎಲ್ಲೆಡೆ ಇದೇ ಪದ. ನಿಘಂಟು ತೆರೆದರೆ ಕೇಳು, ಪಡೆ, ಒಪ್ಪಿಕೊ, ವಹಿಸಿಕೊ ಎಂದೆಲ್ಲ ಇರುತ್ತದೆ. ಯಾವ ಅರ್ಥ ಯಾರ ಬಾಯಲ್ಲಿ, ಯಾರ ಎದುರಿಗೆ ಎಂಬುದು ಮಾತ್ರ ಸಿಗುವುದಿಲ್ಲ.

ಈ ವಿಮರ್ಶೆಗೆ ಆರಿಸಿಕೊಂಡದ್ದು ಐದು ಉಚಿತ ಜಾಲ ಸೇವೆಗಳು: ಜಿಶೊ, ಕೊತೊಬ್ಯಾಂಕ್, ಶೋನಗೊನ್, ಎನ್‌ಎಲ್‌ಬಿ ಮತ್ತು ಜಪಾನಿನ ಸಂಸತ್ತಿನ ನಡಾವಳಿ ಶೋಧ. ಐದಕ್ಕೂ ಒಡ್ಡಿದ ಪ್ರಶ್ನೆ ಒಂದೇ: ಈ ಕ್ರಿಯಾಪದವನ್ನು ತಪ್ಪಿಲ್ಲದೆ ಬಳಸುವ ಮಟ್ಟಕ್ಕೆ ಇದು ಕಲಿಯುವವರನ್ನು ಒಯ್ಯುತ್ತದೆಯೇ?

ಮೊದಲು ಪದದ ಉಚ್ಚಾರ ಸರಿಯಾಗಲಿ. ಉ–ಕೆ–ತ–ಮ–ವ–ರು, ಆರೂ ಹ್ರಸ್ವ. ಕನ್ನಡದಲ್ಲಿ ಹ್ರಸ್ವ, ದೀರ್ಘ ಬೇರೆ ಬೇರೆ ಇರುವುದರಿಂದ ಇಲ್ಲಿ ಜಪಾನಿ ಪದಗಳನ್ನೆಲ್ಲ ಅದೇ ಲೆಕ್ಕದಲ್ಲಿ ಬರೆದಿದೆ. ಜಪಾನೀಯರೇ ಮಾಡುವ ತಪ್ಪೊಂದಿದೆ: ಮ ಮತ್ತು ವ ಅದಲುಬದಲಾಗಿ ‘ಉಕೆತವಮರು’ ಆಗುವುದು. ಟೈಪ್ ಮಾಡುವಾಗ ಕನ್‌ಜಿ, ಅಂದರೆ ಚೀನೀ ಮೂಲದ ಅಕ್ಷರ, ಮೂಡದಿದ್ದರೆ ಮೊದಲು ಇದನ್ನೇ ನೋಡಿ. ಪದವನ್ನು ಒಡೆದು ಇಟ್ಟುಕೊಂಡರೆ ಈ ತಪ್ಪು ಮತ್ತೆ ಆಗುವುದಿಲ್ಲ: ‘ಉಕೆ’ ಎಂದರೆ ಸ್ವೀಕರಿಸುವುದು, ‘ತಮವರು’ ಎಂದರೆ ಮೇಲಿನವರಿಂದ ಪಡೆಯುವುದು. ಎರಡೂ ಬೆಸೆದು ಹುಟ್ಟಿದ ಪದ ಇದು. ಕನ್ನಡದ ‘ಶಿರಸಾವಹಿಸು’ ಇದಕ್ಕೆ ತೀರ ಹತ್ತಿರ. ವ್ಯತ್ಯಾಸವೆಂದರೆ ನಮ್ಮದು ಗ್ರಂಥಸ್ಥವಾಗಿಯೇ ಉಳಿಯಿತು, ಅವರದು ಇವತ್ತಿಗೂ ಅಂಗಡಿಯ ಗಲ್ಲೆಯ ಹಿಂದೆ ದಿನವಿಡೀ ಕೇಳಿಸುತ್ತದೆ.

ಜಿಶೊ: ಬಾಗಿಲವರೆಗೆ ಮಾತ್ರ

ಜಿಶೊ ವೇಗದ್ದು, ಹಗುರವಾದದ್ದು. ರೋಮನ್ ಅಕ್ಷರದಲ್ಲಿ ಬರೆದರೂ ಹುಡುಕಿ ಕೊಡುತ್ತದೆ. ಇದರ ಒಡಲಲ್ಲಿರುವುದು ಜೆಎಂಡಿಕ್ಟ್ ದತ್ತಸಂಚಯ. ಅದರ ಬೇರು ಜಿಮ್ ಬ್ರೀನ್ 1991ರಲ್ಲಿ ಆರಂಭಿಸಿದ ಎಡಿಕ್ಟ್ ಯೋಜನೆಯಲ್ಲಿದೆ. ನಮ್ಮ ಪದದ ಜೊತೆ ‘ಕೆನ್‌ಜೋಗೊ’, ಅಂದರೆ ತನ್ನನ್ನು ತಗ್ಗಿಸಿ ಆಡುವ ಮಾತು, ಎಂಬ ಗುರುತು ಇರುತ್ತದೆ. ಆ ಗುರುತು ಬಲು ಮುಖ್ಯ. ಅನೇಕರು ಅದನ್ನು ದಾಟಿಕೊಂಡು ಇಂಗ್ಲಿಷ್ ಅರ್ಥಕ್ಕೆ ಹೋಗಿಬಿಡುತ್ತಾರೆ, ತಪ್ಪು ಶುರುವಾಗುವುದೇ ಅಲ್ಲಿ.

ತೊಂದರೆ ಎರಡು ಕಡೆ ಇದೆ. ಒಂದು, ಅರ್ಥಗಳೆಲ್ಲ ಒಂದೇ ಮಟ್ಟದಲ್ಲಿ ಸಾಲಾಗಿ ಕೂತಿರುತ್ತವೆ. ಇಂದಿಗೆ ಯಾವುದು ಜೀವಂತ, ಯಾವುದು ಹಳತು ಎಂದು ತಿಳಿಯುವುದಿಲ್ಲ. ಎರಡು, ಉದಾಹರಣೆ ವಾಕ್ಯಗಳು ಬಳಕೆದಾರರೇ ವಾಕ್ಯ, ಅನುವಾದ ಸೇರಿಸುವ ತತೋಎಬ ತಾಣದಿಂದ ಬರುತ್ತವೆ. ಅಲ್ಲಿನ ಹಳೆಯ ಜಪಾನಿ–ಇಂಗ್ಲಿಷ್ ಜೋಡಿಗಳಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳು ಕಲೆಹಾಕಿದ, ‘ತನಕ’ ಎಂಬ ಹೆಸರಿನ ಸಂಗ್ರಹದ್ದು. ಯಾರು ಯಾರಿಗೆ ಹೇಳಿದ್ದು ಎಂಬ ಸುತ್ತಲಿನ ಸಂದರ್ಭ ಇಲ್ಲದ ಬಿಡಿ ವಾಕ್ಯಗಳು ಅವು. ಗೌರವದ ಕ್ರಿಯಾಪದಕ್ಕೆ ಸಂದರ್ಭವಿಲ್ಲದ ವಾಕ್ಯ ಏನನ್ನೂ ಕಲಿಸುವುದಿಲ್ಲ. ಕನ್‌ಜಿ ಯಾವುದು, ಓದುವುದು ಹೇಗೆ, ಕ್ರಿಯಾಪದದ ಗುಂಪು ಯಾವುದು ಎಂದು ನೋಡಿಕೊಳ್ಳಲು ಜಿಶೊ ಸಾಕು. ಅದರಾಚೆಗೆ ಇದನ್ನು ನಂಬಿ ಮಿಂಚಂಚೆ ಬರೆಯಬಾರದು.

ಕೊತೊಬ್ಯಾಂಕ್: ಪದರಗಳು ಕಾಣುವುದು ಇಲ್ಲಿ

ಕೊತೊಬ್ಯಾಂಕಿನಲ್ಲಿ ‘ದೈಜಿಸೆನ್’ ಡಿಜಿಟಲ್ ಆವೃತ್ತಿ ಮತ್ತು ‘ನಿಹೊನ್ ಕೊಕುಗೊ ದೈಜಿತೆನ್’ನ ಸಂಕ್ಷಿಪ್ತ ಆವೃತ್ತಿ ಒಂದೇ ಪುಟದಲ್ಲಿ ಸಿಗುತ್ತವೆ. ಜಪಾನಿಯಲ್ಲೇ ಓದಬೇಕು. ಆದರೆ ವಿವರಣೆಯ ವಾಕ್ಯರಚನೆ ಸರಳ; ಇಂತಿಂಥ ಸಾಮಾನ್ಯ ಕ್ರಿಯಾಪದದ ಕೆನ್‌ಜೋಗೊ ಎಂದೇ ಶುರುವಾಗುತ್ತದೆ. ಈ ರೀತಿಯೇ ದೊಡ್ಡ ಉಪಕಾರ. ‘ಉಕೆತಮವರು’ ಯಾವ ಯಾವ ಸಾಮಾನ್ಯ ಕ್ರಿಯಾಪದದ ಜಾಗದಲ್ಲಿ ಕೂರುತ್ತದೆ ಎಂದು ಗೊತ್ತಾದರೆ ಪದರಗಳು ತಾವಾಗಿ ಬೇರ್ಪಡುತ್ತವೆ.

‘ಉಕೆರು’, ಪಡೆಯುವುದು: ‘ತೈಯಕು ಒ ಉಕೆತಮವರು’, ದೊಡ್ಡ ಹೊಣೆಯನ್ನು ಸ್ವೀಕರಿಸುವುದು. ‘ಕಿಕು’, ಕೇಳಿಸಿಕೊಳ್ಳುವುದು: ‘ಗೊಯಿಕೆನ್ ಒ ಉಕೆತಮವರು’, ತಮ್ಮ ಅಭಿಪ್ರಾಯವನ್ನು ಆಲಿಸುವುದು. ‘ತ್ಸುತಎಕಿಕು’, ಬೇರೆಯವರಿಂದ ತಿಳಿಯುವುದು: ‘ಉಕೆತಮವರು ತೊಕೊರೊ ನಿ ಯೊರಿಮಸು ತೊ’, ತಿಳಿದುಬಂದಂತೆ. ‘ಹಿಕಿಉಕೆರು’, ವಹಿಸಿಕೊಳ್ಳುವುದು: ‘ಗೊಚೂಮೊನ್ ಒ ಉಕೆತಮವರಿಮಸು’, ತಮ್ಮ ಆರ್ಡರ್ ತೆಗೆದುಕೊಳ್ಳುತ್ತೇವೆ.

ಕೊತೊಬ್ಯಾಂಕ್ ಇಷ್ಟನ್ನು ಚೊಕ್ಕವಾಗಿ ಕೊಡುತ್ತದೆ. ಹಳೆಯ ಸಾಹಿತ್ಯದ ಪ್ರಯೋಗಗಳೂ ಸಿಗುತ್ತವೆ. ಕೊಡದಿರುವುದೆಂದರೆ ಇವುಗಳ ಇಂದಿನ ಬೆಲೆ. ಮೂರನೆಯದು ಭಾಷಣದ ವೇದಿಕೆಯಾಚೆ ಅಪರೂಪ, ನಾಲ್ಕನೆಯದು ಗಿರಾಕಿಗಳೊಡನೆ ವ್ಯವಹರಿಸುವವರ ನಿತ್ಯದ ಮಾತು. ನಿಘಂಟಿನಲ್ಲಿ ಎರಡಕ್ಕೂ ಒಂದೇ ಅಳತೆಯ ಜಾಗ.

ಅದೇ ತಾಣದಲ್ಲಿ ಪಕ್ಕದ ‘ತಮವರು’ ಪದವನ್ನೂ ತೆರೆಯಿರಿ. ಅದು ಪಡೆಯುವವನ ತಗ್ಗಿನ ಮಾತೂ ಹೌದು, ಕೊಡುವವರನ್ನು ಎತ್ತುವ ಮಾತೂ ಹೌದು. ಒಂದೇ ಪದಕ್ಕೆ ಎರಡು ದಿಕ್ಕು. ‘ಉಕೆತಮವರು’ಗೆ ಆ ಎರಡನೆಯ ದಿಕ್ಕು ಇಲ್ಲವೇ ಇಲ್ಲ. ಇದು ಯಾವಾಗಲೂ ತನ್ನ ಕಡೆಯವರ ಕ್ರಿಯೆ.

ಶೋನಗೊನ್: ಕಚ್ಚಾ ಸರಕು, ಕೈಯಲ್ಲಿ ಜರಡಿ ಇರಬೇಕು

ಟೋಕಿಯೋದ ತಚಿಕವದಲ್ಲಿರುವ ರಾಷ್ಟ್ರೀಯ ಜಪಾನಿ ಭಾಷಾ ಸಂಸ್ಥೆ, ಚಿಕ್ಕ ಹೆಸರಲ್ಲಿ ನಿಂಜಲ್, 2011ರಲ್ಲಿ ಸಮಕಾಲೀನ ಲಿಖಿತ ಜಪಾನಿಯ ಸಮತೋಲಿತ ಪಠ್ಯಕೋಶವನ್ನು ಹೊರತಂದಿತು. ಸುಮಾರು 10.4 ಕೋಟಿ ಪದಗಳು: ಪುಸ್ತಕ, ಪತ್ರಿಕೆ, ಶ್ವೇತಪತ್ರ, ಕಾನೂನು, ಪಠ್ಯಪುಸ್ತಕ, ಸಂಸತ್ತಿನ ನಡಾವಳಿ, ಜಾಲದ ಪ್ರಶ್ನೋತ್ತರ, ಬ್ಲಾಗು. ಇದನ್ನು ತೆರೆಯುವ ಬಾಗಿಲುಗಳಲ್ಲಿ ಶೋನಗೊನ್ ಒಂದು, ಚೂನಗೊನ್ ಇನ್ನೊಂದು. ಎರಡೂ ಹಳೆಯ ಅರಮನೆಯ ಸಲಹೆಗಾರರ ದರ್ಜೆಯ ಹೆಸರುಗಳು, ಮೊದಲನೆಯದು ಕಿರಿದು, ಎರಡನೆಯದು ನಡುವಿನದು. ಪರಿಕರಗಳ ಶಕ್ತಿಯೂ ಅದೇ ಕ್ರಮದಲ್ಲಿದೆ.

ಶೋನಗೊನ್‌ಗೆ ನೋಂದಣಿ ಬೇಕಿಲ್ಲ. ಆದರೆ ಅದಕ್ಕೆ ವ್ಯಾಕರಣ ತಿಳಿಯದು. ಕೊಟ್ಟ ಅಕ್ಷರಗಳ ಸಾಲನ್ನು ಹಾಗೆಯೇ ಹುಡುಕುತ್ತದೆ, ಅಷ್ಟೆ. ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ನಿಘಂಟಿನ ರೂಪವನ್ನೇ ಕೊಟ್ಟರೆ ‘ಉಕೆತಮವರಿಮಶಿತ’ ಬರುವುದಿಲ್ಲ, ‘ಉಕೆತಮವತ್ತೆ’ ಬರುವುದಿಲ್ಲ. ಅಂದರೆ ಅಂಗಡಿ, ಫೋನಿನ ಬಳಕೆಯೆಲ್ಲ ಜರಡಿಯಿಂದ ಜಾರಿಹೋಗಿ, ಪದ ಬರೀ ಹಳೆಯ ಗಂಭೀರ ಬರಹದ್ದು ಎಂಬ ತಪ್ಪು ಭಾವನೆ ಉಳಿಯುತ್ತದೆ. ಹಾಗೆಂದು ಕನ್‌ಜಿಯೊಂದನ್ನೇ ಕೊಟ್ಟರೆ ‘ಶೋಚಿ’, ‘ಶೋನಿನ್’, ‘ಕೇಶೋ’, ‘ದೆನ್‌ಶೋ’ ಹೀಗೆ ಅದೇ ಕನ್‌ಜಿ ಇರುವ ಬೇರೆ ಪದಗಳೆಲ್ಲ ಒಟ್ಟಿಗೆ ನುಗ್ಗುತ್ತವೆ.

ಸರಿಯಾದ ದಾರಿ: ಕನ್‌ಜಿಯ ಬಳಿಕ ಹಿರಗನದ, ಅಂದರೆ ಉಚ್ಚಾರ ಬರೆಯುವ ಲಿಪಿಯ, ಒಂದೊಂದೇ ಅಕ್ಷರ ಸೇರಿಸಿ ಆರು ಸಲ ಹುಡುಕುವುದು, ರ, ರಿ, ರು, ರೆ, ರೊ ಮತ್ತು ಒತ್ತಿನ ಚಿಕ್ಕ ತ್ಸು. ಏಳನೆಯ ಸಲ ಕನ್‌ಜಿಯ ಬಳಿಕ ‘ವ’ ಸೇರಿಸಿ, ಏಕೆಂದರೆ ಹಳೆಯ ದಾಖಲೆಗಳಲ್ಲಿ ಬಾಲದ ಅಕ್ಷರಗಳನ್ನು ಒಂದು ಹೆಚ್ಚಿಗೆ ಬರೆಯುವ ರೂಢಿ ಇತ್ತು. ಎಂಟನೆಯದು ಪೂರ್ತಿ ಹಿರಗನದಲ್ಲಿ ‘ಉಕೆತಮವ’ವರೆಗೆ. ಬೇಸರದ ಕೆಲಸ ನಿಜ, ಆದರೆ ಹತ್ತು ನಿಮಿಷದ್ದು.

ಪರದೆಯ ಮೇಲೆ ಗರಿಷ್ಠ 500 ಸಾಲುಗಳು, ಯಾದೃಚ್ಛಿಕವಾಗಿ ಆಯ್ದವು. ಪ್ರತಿ ಸಾಲಿಗೂ ಹಿಂದಿನ, ಮುಂದಿನ ಪಠ್ಯ, ಕೃತಿಯ ಹೆಸರು, ವರ್ಷ, ಪ್ರಕಾರ ಇರುತ್ತದೆ. ಪ್ರಕಾರದ ಕಡೆ ಕಣ್ಣಿಡದೆ ಓದಬೇಡಿ. ಕಾದಂಬರಿಯ ಸಾಲುಗಳಲ್ಲಿ ದೊರೆಯ ಆಜ್ಞೆ ಹೊತ್ತ ಸೇವಕನ ಮಾತಿರಬಹುದು. ಅದನ್ನು ಇಂದಿನ ಕಚೇರಿಗೆ ತಂದರೆ ನಾಟಕದ ಸಂಭಾಷಣೆಯಾಗುತ್ತದೆ. ಪ್ರಶ್ನೋತ್ತರ ತಾಣದ ಸಾಲುಗಳಿಗೆ ಬೇರೆಯದೇ ಅಪಾಯ. ಅಲ್ಲಿ ಪದವನ್ನು ಬಳಸಿದವರ ಜೊತೆ, ಈ ಪದ ಸರಿಯೇ ಎಂದು ಕೇಳಿದವರೂ ಇರುತ್ತಾರೆ. ಎರಡನೆಯದನ್ನು ಎಣಿಕೆಯಿಂದ ತೆಗೆಯಬೇಕು.

ಈ ಎಂಟು ಹುಡುಕಾಟದ ಗೋಜು ಬೇಡವೆನ್ನುವವರಿಗೆ ಚೂನಗೊನ್ ಇದೆ. ಉಚಿತವೇ, ನೋಂದಣಿ ಬೇಕು. ಪದದ ಮೂಲರೂಪದ ಓದನ್ನು ಕತಕನ ಎಂಬ ಇನ್ನೊಂದು ಉಚ್ಚಾರ ಲಿಪಿಯಲ್ಲಿ ಕೊಟ್ಟರೆ ಎಲ್ಲ ರೂಪಗಳೂ, ಎಲ್ಲ ಬರವಣಿಗೆಗಳೂ ಒಂದೇ ಸಲ ಬರುತ್ತವೆ. ಗಂಭೀರವಾಗಿ ಕಲಿಯುವವರು ಹಿಂಜರಿಯದೆ ನೋಂದಾಯಿಸಿಕೊಳ್ಳಲಿ.

ಎನ್‌ಎಲ್‌ಬಿ: ಐದರಲ್ಲಿ ಮೊದಲು ತೆರೆಯಬೇಕಾದ್ದು

ಅದೇ ಪಠ್ಯಕೋಶವನ್ನು ಪದಸಖ್ಯದ, ಅಂದರೆ ಯಾವ ಪದದ ಜೊತೆ ಯಾವ ಪದ ಬರುತ್ತದೆ ಎಂಬ, ಲೆಕ್ಕದಲ್ಲಿ ತೋರಿಸುವ ಸೇವೆ ಎನ್‌ಎಲ್‌ಬಿ. ನಿಂಜಲ್ ಮತ್ತು ಲಾಗೊ ಭಾಷಾ ಸಂಸ್ಥೆ ಸೇರಿ ಕಟ್ಟಿದ್ದು. ನೋಂದಣಿ ಬೇಡ. ಕ್ರಿಯಾಪದದ ಪುಟ ತೆರೆದರೆ ಎಡಕ್ಕೆ ವ್ಯಾಕರಣದ ಮಾದರಿಗಳು: ಕರ್ಮವನ್ನು ತೋರುವ ‘ಒ’ ಪ್ರತ್ಯಯದ ಜೊತೆ, ‘ಗ’ ಜೊತೆ, ‘ನಿ’ ಜೊತೆ, ‘ಕರ’ ಜೊತೆ. ಮಧ್ಯದಲ್ಲಿ ಆ ಮಾದರಿಯಲ್ಲಿ ಬರುವ ನಾಮಪದಗಳ ಪಟ್ಟಿ. ಬಲಕ್ಕೆ ವಾಕ್ಯಗಳು.

ಗೌರವದ ಕ್ರಿಯಾಪದವನ್ನು ಅರ್ಥದಿಂದ ಹಿಡಿಯಲು ಹೋಗಬಾರದು, ‘ಒ’ದ ಹಿಂದಿನ ನಾಮಪದದಿಂದ ಹಿಡಿಯಬೇಕು. ಹಾಗಾಗಿಯೇ ಈ ಪರಿಕರ ಮಿಕ್ಕವನ್ನು ಹಿಂದೆ ಹಾಕುತ್ತದೆ. ನಾಮಪದಗಳನ್ನು ಎರಡು ಬುಟ್ಟಿಗೆ ಹಾಕಿ ನೋಡಿ. ಅಭಿಪ್ರಾಯ, ಮಾತು, ವಿಚಾರ, ದೃಷ್ಟಿ ಒಂದು ಬುಟ್ಟಿ: ಅಲ್ಲಿ ಪದ ‘ಆಲಿಸು’. ಆರ್ಡರ್, ಕಾಯ್ದಿರಿಸುವಿಕೆ, ಕೆಲಸ, ಸಂದೇಶ ಇನ್ನೊಂದು: ಅಲ್ಲಿ ‘ವಹಿಸಿಕೊ’. ಎರಡೂ ಬುಟ್ಟಿಯ ನಾಮಪದಗಳಿಗೆ ಸಾಮಾನ್ಯವಾಗಿ ‘ಗೊ’ ಅಥವಾ ‘ಒ’ ಎಂಬ ಗೌರವದ ಪೂರ್ವಪ್ರತ್ಯಯ ಅಂಟಿರುತ್ತದೆ, ಏಕೆಂದರೆ ಆ ವಸ್ತು ಎದುರಿನವರದು. ನಿಮ್ಮ ವಾಕ್ಯದಲ್ಲಿ ಅದಕ್ಕೆ ಜಾಗವೇ ಇಲ್ಲವೆಂದರೆ ‘ಉಕೆತಮವರು’ ಅಲ್ಲಿ ಬೇಕೇ ಎಂದು ಇನ್ನೊಮ್ಮೆ ಯೋಚಿಸಿ. ತಮ್ಮನ ಆರ್ಡರನ್ನು ‘ಉಕೆತಮವರಿಮಶಿತ’ ಎಂದು ಹೊರಗಿನವರ ಮುಂದೆ ಹೇಳಿದರೆ ಮನೆಯವನನ್ನೇ ಎತ್ತರದಲ್ಲಿ ಕೂರಿಸಿದಂತಾಗುತ್ತದೆ.

ಪಟ್ಟಿಯನ್ನು ಜೋಡಿಸುವ ಕ್ರಮದಲ್ಲಿ ಎಚ್ಚರ ಬೇಕು. ಆವರ್ತನ, ಎಂಐ ಅಂಕ, ಲಾಗ್‌ಡೈಸ್ ಎಂಬ ಅಳತೆಗಳಿವೆ; ಕೊನೆಯ ಎರಡು, ಜೋಡಿ ಪದಗಳ ನಂಟು ಎಷ್ಟು ಗಟ್ಟಿ ಎಂದು ಅಳೆಯುತ್ತವೆ. ಎಂಐ ಅಪರೂಪದ ಪದಗಳನ್ನು ಉಬ್ಬಿಸಿ ಮೇಲಕ್ಕೆ ತರುತ್ತದೆ. ಎಲ್ಲೋ ಒಂದೆರಡು ಸಲ ಕಂಡ ಜೋಡಿಯೂ ತಲೆಯ ಮೇಲೆ ಕೂರಬಹುದು. ಮೊದಲು ಆವರ್ತನ, ಬಳಿಕ ಲಾಗ್‌ಡೈಸ್, ಈ ಕ್ರಮ ಒಳ್ಳೆಯದು. ವಾಕ್ಯಗಳ ಸಂಬಂಧವನ್ನು ಯಂತ್ರವೇ ಬಿಡಿಸಿರುವುದರಿಂದ ಉದ್ದ ವಾಕ್ಯಗಳಲ್ಲಿ ತಪ್ಪು ಜೋಡಿಗಳೂ ಸಿಗುತ್ತವೆ. ವಾಕ್ಯ ಓದದೆ ಪಟ್ಟಿಯನ್ನಷ್ಟೇ ಬರೆದುಕೊಳ್ಳಬೇಡಿ. ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಸೌಲಭ್ಯವೂ ಇದೆ. ‘ಉಕಗೌ’ ಜೊತೆ ಇಟ್ಟು ನೋಡಿ. ಅಭಿಪ್ರಾಯ, ಮಾತು ಎರಡಕ್ಕೂ ಸಲ್ಲುತ್ತವೆ. ಆದರೆ ಒಬ್ಬರ ಮನೆಗೆ, ಕಚೇರಿಗೆ ಹೋಗುವುದು ‘ಉಕಗೌ’ ಮಾತ್ರ. ಆರ್ಡರ್, ಕಾಯ್ದಿರಿಸುವಿಕೆಯನ್ನು ಒಪ್ಪಿ ವಹಿಸಿಕೊಳ್ಳುವುದು ‘ಉಕೆತಮವರು’ ಮಾತ್ರ; ಆರ್ಡರ್ ಏನೆಂದು ಕೇಳುವುದಕ್ಕೆ ‘ಉಕಗೌ’ ಕೂಡ ಬರುತ್ತದೆ.

ಕೊರತೆ ದೊಡ್ಡದೇ. ಇದು ಲಿಖಿತ ಭಾಷೆಯ ಕೋಶ, ಮತ್ತು ಇದರ ತೀರ ಹೊಸ ಭಾಗವೂ, ಉದಾಹರಣೆಗೆ ಬ್ಲಾಗುಗಳು, 2008ರದು. ಫೋನಿನ ಮಾತು ಇಲ್ಲಿ ಸಿಗದು. ನಿಂಜಲ್‌ನದೇ 200 ಗಂಟೆಗಳ ನಿತ್ಯ ಸಂಭಾಷಣೆಯ ಕೋಶ 2022ರಿಂದ ಇದೆಯಾದರೂ ಅದರಲ್ಲಿ ಮನೆ, ಗೆಳೆಯರ ಮಾತೇ ಹೆಚ್ಚು. ಗಿರಾಕಿಯೊಡನೆ ಆಡುವ ಮಾತಿಗೆ ಅದನ್ನು ನೆಚ್ಚಲಾಗದು.

ಸಂಸತ್ತಿನ ನಡಾವಳಿ: ಒಂದೇ ಅರ್ಥ, ಆದರೆ ಪೂರ್ಣ ಬೆಳಕಿನಲ್ಲಿ

ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯ 1947ರ ಮೊದಲ ಅಧಿವೇಶನದಿಂದ ಇಲ್ಲಿಯವರೆಗಿನ ನಡಾವಳಿಯನ್ನು ಹುಡುಕಲು ಬಿಟ್ಟಿದೆ. ಇಲ್ಲಿ ಹುಡುಕಬೇಕಾದ್ದು ‘ಉಕೆತಮವರಿತೈ’, ಕೇಳಿ ತಿಳಿಯಬಯಸುತ್ತೇನೆ ಎಂಬ ರೂಪ. ‘ಗೊಕೆನ್‌ಕೈ ಒ ಉಕೆತಮವರಿತೈ’, ತಮ್ಮ ನಿಲುವನ್ನು ಆಲಿಸಬಯಸುತ್ತೇನೆ. ಮೇಲ್ನೋಟಕ್ಕೆ ತಗ್ಗಿದ ಮಾತು, ಆದರೆ ಕೆಲಸ ಮಾಡುವುದು ಉತ್ತರ ಕೊಡಿ ಎಂಬ ಒತ್ತಾಯವಾಗಿ. ಈ ಕ್ರಿಯಾಪದದ ತಗ್ಗು ದುರ್ಬಲತೆಯ ಗುರುತಲ್ಲ ಎಂಬುದು ಇಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು. ಯಾರ ಮಾತು, ಯಾವ ದಿನ, ಯಾವ ಸಮಿತಿ ಎಲ್ಲವೂ ದಾಖಲಾಗಿರುವುದರಿಂದ ಸಂದರ್ಭದ ಕೊರತೆಯೇ ಇಲ್ಲ. ಆರ್ಡರ್, ಕಾಯ್ದಿರಿಸುವಿಕೆಯ ಬಳಕೆಗೆ ಮಾತ್ರ ಈ ತಾಣ ಉಪಯೋಗವಿಲ್ಲ.

ಪರಿಕರಗಳೆಲ್ಲ ಕೈಬಿಡುವ ಜಾಗಗಳು

ನಾಲ್ಕು ಕಡೆ ಯಾವ ಪರಿಕರವೂ ತಾನಾಗಿ ಎಚ್ಚರಿಸುವುದಿಲ್ಲ. ಇವನ್ನು ಮೊದಲೇ ತಿಳಿದು ಹೋದರೆ ಉದಾಹರಣೆಗಳು ಬೇರೆಯಾಗಿ ಕಾಣುತ್ತವೆ.

ತೀರ ಮೋಸದ ರೂಪ ‘ಉಕೆತಮವರಿಕನೆಮಸು’. ಇದರಲ್ಲಿ ನಿಷೇಧದ ಪ್ರತ್ಯಯವೇ ಇಲ್ಲ, ಆದರೂ ಇದು ನಿರಾಕರಣೆ. ‘ಕನೆರು’ ಎಂದರೆ ಮಾಡಲು ಬಯಸಿದರೂ ಆಗದು. ‘ಹೆನ್‌ಪಿನ್ ವ ಉಕೆತಮವರಿಕನೆಮಸು’ ಎಂದು ಬರೆದಿದ್ದರೆ ಕೊಂಡ ವಸ್ತುವನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದರ್ಥ. ಕೊನೆಯ ‘ಮಸು’ ನೋಡಿ ಒಪ್ಪಿಗೆ ಎಂದುಕೊಂಡವರು ವಸ್ತು ಹಿಡಿದು ಹೋಗಿಬಿಡುತ್ತಾರೆ.

ಎರಡನೆಯದು ‘ಉಕೆತಮವತ್ತೆ ಒರಿಮಸೆನ್’. ಒಂದೇ ನಿಷೇಧ, ಎರಡು ಅರ್ಥ. ‘ಸೊನೊ ಯೋ ನ ಒಹನಶಿ ವ’ ಎಂದು ಶುರುವಾದರೆ ಅಂಥ ವಿಷಯ ನಮಗೆ ತಿಳಿದುಬಂದಿಲ್ಲ ಎಂದರ್ಥ. ‘ಕಾಡೊ ದೆ ನೊ ಒಶಿಹರೈ ವ’ ಎಂದು ಶುರುವಾದರೆ ಕಾರ್ಡಿನ ಪಾವತಿಯನ್ನು ನಾವು ಸ್ವೀಕರಿಸುವುದಿಲ್ಲ ಎಂದರ್ಥ. ಬಿಡಿಸುವುದು ಮತ್ತೆ ಆ ನಾಮಪದವೇ.

ಮೂರನೆಯದು ದಿಕ್ಕಿನ ತಪ್ಪು. ‘ಅಚಿರ ದೆ ಉಕೆತಮವತ್ತೆ ಕುದಸೈ’ ಎಂದು ಗಿರಾಕಿಗೆ ಹೇಳಿದರೆ, ಅಲ್ಲಿ ವಿಚಾರಿಸಿ ಎನ್ನಲು ಹೋಗಿ ಗಿರಾಕಿಯನ್ನೇ ತಗ್ಗಿಸಿದಂತಾಯಿತು. ಕನ್ನಡದಲ್ಲಿ ಹಿರಿಯರೊಬ್ಬರಿಗೆ ‘ನೀವು ಆ ಗುಮಾಸ್ತರಲ್ಲಿ ಬಿನ್ನವಿಸಿಕೊಳ್ಳಿ’ ಎಂದರೆ ಎಷ್ಟು ಚುಚ್ಚುತ್ತದೋ ಅಷ್ಟೇ ಅಲ್ಲೂ ಚುಚ್ಚುತ್ತದೆ. ಬೇಕಾದ್ದು ‘ಒತಜುನೆ ಕುದಸೈ’. ಇದರ ತಲೆಕೆಳಗಾದ ತಪ್ಪು ನಮ್ಮಲ್ಲಿ ‘ನಾನು ದಯಮಾಡಿಸಿದೆ’ ಎಂದಂತೆ. ‘ದಯಮಾಡಿಸು’, ‘ಅಪ್ಪಣೆ ಕೊಡಿಸು’ ಎದುರಿನವರಿಗೆ, ‘ಬಿನ್ನವಿಸು’, ‘ಅರಿಕೆ ಮಾಡಿಕೊ’ ತನಗೆ. ಈ ಜೋಡಿ ಕನ್ನಡದ ಕಿವಿಗೆ ಗೊತ್ತಿರುವುದರಿಂದ ಸೊನ್‌ಕೇಗೊ (ಎದುರಿನವರನ್ನು ಎತ್ತುವ ಮಾತು), ಕೆನ್‌ಜೋಗೊ ವ್ಯತ್ಯಾಸವನ್ನು ಇಂಗ್ಲಿಷಿನ ಮೂಲಕ ಕಲಿಯುವುದು ಸುತ್ತುದಾರಿ. ಇದೇ ಗುಂಪಿನದು ‘ಉಕೆತಮವರರೆಮಶಿತ ಕ’ ಎಂದು ಎದುರಿನವರನ್ನು ಕೇಳುವುದು. ತಗ್ಗಿನ ಪದಕ್ಕೆ ಗೌರವದ ‘ರರೆ’ ಅಂಟಿಸಿದರೆ ಅದು ಮೇಲೇರುವುದಿಲ್ಲ. ಆದರೆ ‘ಉಕೆತಮವರೆಮಸೆನ್’, ಸ್ವೀಕರಿಸಲಾಗದು, ಸಾಧ್ಯತೆಯ ರೂಪ, ಅದು ಸರಿ. ಎರಡರ ನಡುವೆ ಒಂದೇ ‘ರ’ ವ್ಯತ್ಯಾಸ.

ನಾಲ್ಕನೆಯದು ‘ಉಕೆತಮವರಸೆತೆ ಇತದಕಿಮಸು’. ವಿನಯ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯ ಫಲ ಇದು. ಜಪಾನಿನ ಸಾಂಸ್ಕೃತಿಕ ವ್ಯವಹಾರಗಳ ಮಂಡಳಿ 2007ರಲ್ಲಿ ಸಲ್ಲಿಸಿದ ಗೌರವಭಾಷೆಯ ಮಾರ್ಗಸೂಚಿ ‘ಸಸೆತೆ ಇತದಕು’ ರೂಪ ಎಲ್ಲಿ ಸಲ್ಲುತ್ತದೆ ಎಂದು ಎರಡು ಕಟ್ಟು ಹೇಳುತ್ತದೆ: ಎದುರಿನವರ ಅಥವಾ ಮೂರನೆಯವರ ಅನುಮತಿ ಪಡೆದು ಮಾಡುವ ಕೆಲಸವಾಗಿರಬೇಕು, ಅದರಿಂದ ತನಗೆ ಉಪಕಾರವಾಗುವ ಸಂಗತಿ ಅಥವಾ ಭಾವ ಇರಬೇಕು. ಗಿರಾಕಿ ಆರ್ಡರ್ ಕೊಟ್ಟ ಮೇಲೆ ಅದನ್ನು ತೆಗೆದುಕೊಳ್ಳಲು ಮತ್ತೆ ಅನುಮತಿ ಬೇಕಿಲ್ಲ. ‘ಉಕೆತಮವರಿಮಸು’ ಒಂದರಲ್ಲೇ ವಿನಯ ತುಂಬಿದೆ.

ಇನ್ನು ಮೇಲಧಿಕಾರಿಗೆ ಏನು ಹೇಳಬೇಕು ಎಂಬ ಪ್ರಶ್ನೆ. ಮೂರು ಗಂಟೆಯೊಳಗೆ ಈ ಕಡತ ಸಿದ್ಧಪಡಿಸಿ ಎಂದರೆ ‘ಶೋಚಿ ಶಿಮಶಿತ’ ಅಥವಾ ‘ಕಶಿಕೊಮರಿಮಶಿತ’ ಸಾಕು. ‘ಉಕೆತಮವರಿಮಶಿತ’ ಎಂದರೆ ತಪ್ಪಲ್ಲ, ಆದರೆ ಕೌಂಟರಿನ ಹಿಂದಿನಿಂದ ಮಾತಾಡಿದಂತೆ ದೂರವಾಗಿ ಕೇಳಿಸುತ್ತದೆ. ಅದರ ನಿಜವಾದ ಜಾಗ ಫೋನಿನ ಕೊನೆ. ಸಂದೇಶ ಬರೆದುಕೊಂಡ ಮೇಲೆ ತನ್ನ ಉಪನಾಮದ ಜೊತೆ ‘ಗ ಉಕೆತಮವರಿಮಶಿತ’ ಎಂದರೆ, ಈ ಸಂದೇಶಕ್ಕೆ ಇನ್ನು ನಾನು ಹೊಣೆ ಎಂದು ಹೆಸರಿಟ್ಟು ಹೇಳಿದಂತೆ. ‘ಶೋಚಿ’ಯಲ್ಲಿ ಅರಿತು ಒಪ್ಪಿದೆ ಎಂಬುದಿದೆ, ಈ ಹೊಣೆಯ ಭಾರವಿಲ್ಲ.

ಯಾರಿಗೆ ಯಾವುದು

ಒಂದೇ ಪರಿಕರಕ್ಕೆ ಸಮಯವಿದ್ದರೆ ಎನ್‌ಎಲ್‌ಬಿ. ಅರ್ಧ ಗಂಟೆ ಇದ್ದರೆ ಕೊತೊಬ್ಯಾಂಕಿನಲ್ಲಿ ಪದರಗಳನ್ನು ಬೇರ್ಪಡಿಸಿ, ಎನ್‌ಎಲ್‌ಬಿಯಲ್ಲಿ ‘ಒ’ ಮಾದರಿಯ ಮೊದಲ ಹತ್ತು ನಾಮಪದ ಬರೆದುಕೊಂಡು, ಪ್ರತಿಯೊಂದಕ್ಕೂ ಎರಡು ಪೂರ್ಣ ಸಂದರ್ಭಗಳನ್ನು ಶೋನಗೊನ್‌ನಲ್ಲಿ ಓದಿ. ಪ್ರತಿ ವಾಕ್ಯದ ಪಕ್ಕದಲ್ಲಿ ಅರ್ಥ ಬರೆಯಬೇಡಿ. ಯಾರು, ಯಾರಿಗೆ, ಯಾರ ವಸ್ತು ಎಂಬ ಮೂರನ್ನು ಬರೆಯಿರಿ. ಸಭೆ, ಸಮಿತಿ, ಅಧಿಕೃತ ಪತ್ರವ್ಯವಹಾರಕ್ಕೆ ಭಾಷೆ ಬೇಕಾದವರು ಸಂಸತ್ತಿನ ನಡಾವಳಿಯನ್ನೂ ಸೇರಿಸಿಕೊಳ್ಳಲಿ. ಜಪಾನಿ ಪುಟಗಳನ್ನು ಇನ್ನೂ ಓದಲಾಗದವರು ಜಿಶೊದಲ್ಲಿ ಕೆನ್‌ಜೋಗೊ ಗುರುತು ನೋಡಿಕೊಂಡು, ಸದ್ಯಕ್ಕೆ ಈ ಪದವನ್ನು ಕೇಳಿ ಅರ್ಥಮಾಡಿಕೊಳ್ಳುವುದಕ್ಕಷ್ಟೇ ಇಟ್ಟುಕೊಳ್ಳಲಿ. ಉತ್ತರಿಸಲು ‘ಶೋಚಿ ಶಿಮಶಿತ’ ಇದ್ದೇ ಇದೆ.